ಎಂಬತ್ತೇಳನೆಯ ಪುಟ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಂಗೀತಾಳ ಡಿಟಿಪಿ ಸೆಂಟರ್ ಇದೆ. ಎಡಕ್ಕೆ ಮಿರ್ಚಿ ಮಂಡಕ್ಕಿ ಅಂಗಡಿ, ಬಲಕ್ಕೆ ಬಾಗಿಲು ಹಾಕಿ ಎಷ್ಟೋ ವರ್ಷವಾದ ಎಸ್‌ಟಿಡಿ ಬೂತು. ಹದಿನೆಂಟು ವರ್ಷಗಳಿಂದ ಅವಳು ಅದೇ ಮೂಲೆಯಲ್ಲಿ ಅದೇ ಗೋಡೆಗೆ ಮುಖ ಮಾಡಿ ಕುಳಿತಿದ್ದಾಳೆ. ಕಂಪ್ಯೂಟರ್ ಮೂರು ಸಲ ಬದಲಾಗಿದೆ, ಕುರ್ಚಿ ಬದಲಾಗಿಲ್ಲ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ತೀರಿಕೊಂಡವರ ಫೋಟೋದ ಕೆಳಗಿನ ನಾಲ್ಕು ಸಾಲು, ಇವು ವರ್ಷವಿಡೀ ಬರುವ ಕೆಲಸ. ಪುಸ್ತಕದ ಕೆಲಸ ಹಾಗಲ್ಲ. ಅದು ಸಾಹಿತ್ಯ ಸಮ್ಮೇಳನದ ಬೆನ್ನು ಹತ್ತಿ ಬರುತ್ತದೆ.

ಈ ಸಲ ಸಮ್ಮೇಳನ ಹಡಗಲಿಯಲ್ಲಿ ಎಂದು ಗೊತ್ತಾದ ತಿಂಗಳೊಳಗೆ ನಾಲ್ಕು ಹಸ್ತಪ್ರತಿಗಳು ಅವಳ ಮೇಜಿಗೆ ಬಂದವು. ಸಮ್ಮೇಳನದ ವೇದಿಕೆಯಲ್ಲಿ ಇಪ್ಪತ್ತು ಪುಸ್ತಕಗಳು ಒಂದೇ ಸಲಕ್ಕೆ ಬಿಡುಗಡೆಯಾಗುತ್ತವೆ. ಮಿರಿಮಿರಿ ಕಾಗದದಲ್ಲಿ ಸುತ್ತಿದ ಕಟ್ಟುಗಳನ್ನು ಅತಿಥಿಗಳು ಒಟ್ಟಿಗೆ ಹರಿದು, ಯಾರ ಪುಸ್ತಕ ಯಾರ ಕೈಗೆ ಸಿಕ್ಕಿತೋ ಅದನ್ನೇ ಎದೆಗೆ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷ ತಪ್ಪಿದರೆ ಮುಂದಿನ ಸಮ್ಮೇಳನ ಯಾವ ಊರಲ್ಲಿ, ಯಾವ ವರ್ಷ, ಆ ಹೊತ್ತಿಗೆ ಬರೆದವರು ಇರುತ್ತಾರೋ ಇಲ್ಲವೋ, ಹೇಳುವವರಿಲ್ಲ. ಅದಕ್ಕೇ ಎಲ್ಲರಿಗೂ ಅವಸರ.

ಹಗರಿಬೊಮ್ಮನಹಳ್ಳಿಯಲ್ಲಿ ಬೈಕ್ ಗ್ಯಾರೇಜು ಇಟ್ಟುಕೊಂಡಿರುವ ಫಿರೋಜನದು ಕೊಲೆ ಮತ್ತು ಪ್ರೇಮದ ಕಾದಂಬರಿ. ಇನ್ಸ್‌ಪೆಕ್ಟರೊಬ್ಬ ತಾನು ಹಿಡಿಯಬೇಕಾದ ಹೆಣ್ಣಿಗೇ ಮನಸ್ಸು ಕೊಡುವ ಕಥೆ. ಗ್ಯಾರೇಜಿನ ಬಿಲ್ಲುಗಳ ಹಿಂಬದಿಯಲ್ಲಿ ಬರೆದು ಕಂತಿನ ಹಾಗೆ ಕಳಿಸುತ್ತಾನೆ. ಪ್ರತಿ ಹಾಳೆಯ ಮೂಲೆಯಲ್ಲೂ ಗ್ರೀಸಿನ ಹೆಬ್ಬೆಟ್ಟು. ಕೂಡ್ಲಿಗಿಯ ಗೊಬ್ಬರದ ವ್ಯಾಪಾರಿ ಸೋಮಶೇಖರ್ ಅವರದು ಚಾರಿತ್ರಿಕ ಕಾದಂಬರಿ. ಗುಡೇಕೋಟೆಯ ಕೋಟೆ ಕಾಯುವವನೊಬ್ಬನ ಬದುಕು ಎಂದು ಶುರುವಾಗುತ್ತದೆ, ಆಮೇಲೆ ಅದರ ತುಂಬ ಕುದುರೆಗಳೇ. ಹರಪನಹಳ್ಳಿಯ ಓಬಣ್ಣನವರದು ರಾಜಕೀಯ. ಅವರ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಗೆ ಸೇರಿದ ಕಥೆ. ಅವರು ಬರೆಯುವುದಿಲ್ಲ. ಮೊಬೈಲಿನಲ್ಲಿ ಮಾತಾಡಿ ಕಳಿಸುತ್ತಾರೆ, ನಡುನಡುವೆ ಕೆಮ್ಮಿ, "ಇದನ್ನ ದಪ್ಪಕ್ಷರದಾಗೆ ಹಾಕಮ್ಮಾ," ಎನ್ನುತ್ತಾರೆ.

ಸಂಜೆಯಾಗುವ ಹೊತ್ತಿಗೆ ಇವೆಲ್ಲ ಸಂಗೀತಾಳ ತಲೆಯಲ್ಲಿ ಕಲಸಿಕೊಳ್ಳುತ್ತಿದ್ದವು. ಇನ್ಸ್‌ಪೆಕ್ಟರ್ ಕೋಟೆಯ ಬಾಗಿಲಲ್ಲಿ ನಿಂತು ಜಿಲ್ಲೆ ಯಾವುದು ಎಂದು ಕೇಳುತ್ತಿದ್ದ. ಕುತ್ತಿಗೆಯ ಹಿಂದೆ ಒಂದು ನರ ಯಾವಾಗಲೂ ಬಿಗಿದೇ ಇರುತ್ತಿತ್ತು. ಗಂಡ ಹುಲುಗೇಶ ಮೆಕ್ಕೆಜೋಳದ ಲಾರಿ ಹತ್ತಿದರೆ ವಾರಗಟ್ಟಲೆ ಬರುವುದಿಲ್ಲ. ತಮ್ಮ ಕೆಲಸಕ್ಕೆಂದು ಬೇರೆ ಊರು ಸೇರಿದ್ದಾನೆ. ಮನೆಗೆ ಹೋದರೆ ಅವಳು, ಅವಳ ತಾಯಿ ಕೊಟ್ರಮ್ಮ, ಇಬ್ಬರೇ.

ನಾಲ್ಕನೆಯದು ಮರುಳಪ್ಪ ಮೇಷ್ಟ್ರ ಆತ್ಮಕಥೆ, 'ಬಡಿಸಿದ ಕೈ'. ಮೇಷ್ಟ್ರು ಎಂಬುದು ಊರಿನವರು ಕರೆಯುವ ಹೆಸರು. ಇಪ್ಪತ್ತನಾಲ್ಕು ವರ್ಷ ಅವರು ಒಂದಲ್ಲ ಒಂದು ಹುಡುಗರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದರು. ಉಜ್ಜಿನಿಯವರು, ನಿವೃತ್ತರಾದ ಮೇಲೆ ಕೊಟ್ಟೂರಿನಲ್ಲೇ ಮನೆ ಕಟ್ಟಿದರು. ಐದು ಹಳೆಯ ಡೈರಿಗಳಲ್ಲಿ ಮಣಿ ಪೋಣಿಸಿದ ಹಾಗೆ ಬರೆದು ತಂದಿದ್ದರು. ಸಂಗೀತಾ ಪಿಯುಸಿ ಮುಗಿಸಿದಾಗ ಹೊಸಪೇಟೆಯ ಕಂಪ್ಯೂಟರ್ ತರಬೇತಿಗೆ ಶಿಫಾರಸು ಪತ್ರ ಬರೆದುಕೊಟ್ಟವರು ಅವರೇ. "ಮೇಷ್ಟ್ರಿಗೆ ಹೋಗಿ ಕೇಳು, ಇಲ್ಲ ಅನ್ನಂಗಿಲ್ಲ," ಎಂದು ಆಗ ಅವ್ವನೇ ಅವಳನ್ನು ಕಳಿಸಿದ್ದಳು. ಕೈಬರಹ ಚೆನ್ನಾಗಿದ್ದುದರಿಂದ ಸಂಗೀತಾ ಆ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದಳು. ದಣಿದ ಕಣ್ಣಿಗೆ ಅದು ಒಂದು ನಮೂನೆಯ ವಿಶ್ರಾಂತಿ.

ಟೈಪ್ ಮಾಡುವವರು ಓದುವುದಿಲ್ಲ. ಪದ ಕಣ್ಣಿಗೆ ಬೀಳುತ್ತದೆ, ಬೆರಳಿಗೆ ಹೋಗುತ್ತದೆ, ಅರ್ಥ ಹಿಂದಿನಿಂದ ನಿಧಾನವಾಗಿ ಬರುತ್ತದೆ. ಆ ಸೋಮವಾರ ಮಧ್ಯಾಹ್ನ ಹಾಗೇ ಆಯಿತು. ಮೂರನೆಯ ಡೈರಿಯ ನಡುವಿನ ಒಂದು ಪ್ಯಾರಾವನ್ನು ಅವಳು ಪೂರ್ಣವಿರಾಮದವರೆಗೂ ಹೊಡೆದು ಮುಗಿಸಿದ ಮೇಲೆ ಅದು ಏನೆಂದು ತಿಳಿಯಿತು.

"ಆಗ ನಮ್ಮ ಹಾಸ್ಟೆಲಿನ ಅಡಿಗೆಯವಳು ಕೊಟ್ರಮ್ಮ. ಆಕೆಯ ಕೈರುಚಿ ಹೇಳತೀರದು. ಒಂದು ಸಂಜೆ ಆಕೆ ಮನೆಗೆ ಹೊರಟಾಗ ಉಡಿಯಿಂದ ತೊಗರಿಬೇಳೆ ಉದುರಿದ್ದನ್ನು ಕಂಡೆ. ಮರುದಿನ ಏಕಾಂತದಲ್ಲಿ ಕರೆದು, ಮಕ್ಕಳ ಅನ್ನ ಕದಿಯುವುದು ಪಾಪವೆಂದು ತಿಳಿಹೇಳಿದೆ. ಆಕೆ ಕಾಲಿಗೆ ಬಿದ್ದು ಅತ್ತಳು. ಕ್ಷಮಿಸಿದೆ. ಆಕೆಯ ಮಗಳು ಸಂಗೀತಾಳೇ ಇಂದು ಈ ಪುಸ್ತಕದ ಅಕ್ಷರ ಜೋಡಿಸಿದ್ದಾಳೆಂದು ನೆನೆದಾಗ ಹೃದಯ ತುಂಬಿ ಬರುತ್ತದೆ."

ಪರದೆಯ ಕೆಳಗೆ ಪುಟದ ಸಂಖ್ಯೆ ಎಂಬತ್ತೇಳು ಎಂದಿತ್ತು. ಅವಳು ಸೇವ್ ಮಾಡಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಮೇಷ್ಟ್ರ ಮನೆಗೆ ನಡೆದಳು.

ಮೇಷ್ಟ್ರು ಪಡಸಾಲೆಯಲ್ಲಿ ಕುಳಿತು ವೇದಿಕೆಯ ಮೇಲೆ ಆಡಬೇಕಾದ ಮಾತನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

"ಬಾ ಸಂಗೀತವ್ವ, ಕುಂದ್ರು. ಮುಗೀತೇನು?"

"ಇನ್ನೆರಡು ದಿನದಾಗ ಮುಗೀತೈತ್ರಿ. ಎಂಬತ್ತೇಳನೇ ಪುಟದಾಗ ಒಂದು ಪ್ಯಾರಾ ಐತಲ್ರಿ. ಅವ್ವನ ಬಗ್ಗೆ."

ಅವರ ಮುಖ ಅರಳಿತು. "ಓದಿದೇನು? ನಿನ್ನ ಹೆಸರೂ ಹಾಕೀನಿ. ಬರಿಯೂವಾಗ ಕಣ್ಣಾಗ ನೀರು ಬಂದ್ವು ನೋಡು."

"ಅದನ್ನ ತಗದುಬಿಡೂಣ್ರಿ."

"ಯಾಕ?"

"ಅವ್ವ ಇನ್ನೂ ಅದಾಳಲ್ರಿ."

"ಇರ್ಲಿ, ನೂರು ವರ್ಷ ಇರ್ಲಿ. ನಾನೇನು ಬೈದು ಬರದೀನೇನು? ಕ್ಷಮಿಸೀನಿ ಅಂತ ಬರದೀನಿ. ಅಷ್ಟಕ್ಕೂ ಈ ಊರಾಗ ಓಣಿಗೆ ನಾಲ್ಕು ಮಂದಿ ಕೊಟ್ರಮ್ಮ ಅದಾರ. ಯಾವಾಕಿ ಅಂತ ಯಾರಿಗೆ ತಿಳೀತೈತಿ?"

"ನನ್ನ ಹೆಸರು ಹಾಕೀರಲ್ರಿ."

ಮೇಷ್ಟ್ರು ಯೋಚಿಸಿದರು. "ಅದೊಂದು ಖರೇ," ಎಂದರು. ಆದರೆ ಅದು ಅವರನ್ನು ಕದಲಿಸಲಿಲ್ಲ. "ನೋಡು ತಂಗಿ, ಆತ್ಮಕಥಿ ಅಂದ್ರ ಸತ್ಯ ಇರಬೇಕು. ನಾ ಬೀಡಿ ಸೇದಿದ್ದು ಬರದೀನಿ, ಎಸ್ಸೆಸ್ಸೆಲ್ಸಿ ಫೇಲಾಗಿದ್ದು ಬರದೀನಿ. ಹೊಲದ ಜಗಳ ಬರದೀನಂತ ನನ್ನ ತಮ್ಮ ಮಾತು ಬಿಟ್ಟಾನ. ಒಬ್ಬೊಬ್ಬರೂ ಬಂದು ಒಂದೊಂದು ಪುಟ ತಗೀರಿ ಅಂದ್ರ ಕಡೀಗೆ ರಟ್ಟು ಉಳೀತೈತಿ."

ಸೊಸೆ ಚಹಾ ತಂದಿಟ್ಟಳು. ಸಂಗೀತಾ ಕುಡಿದಳು. ಅವರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ತೊಂದರೆಯಾಗಿತ್ತು. ಎದ್ದು ಬಂದಳು.

ಮರುದಿನ ಮಧ್ಯಾಹ್ನ ಕೊಟ್ರಮ್ಮ ಎಂದಿನಂತೆ ಬುತ್ತಿ ತಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವು, ಆದರೂ ಮನೆಯಿಂದ ಅಂಗಡಿಗೆ ಆ ಒಂದು ನಡಿಗೆಯನ್ನು ಬಿಟ್ಟಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು, ಮಗಳು ಉಣ್ಣುವವರೆಗೂ ಓಣಿ ನೋಡುತ್ತಿದ್ದು, ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ. ಆ ಹೊತ್ತಿಗೆ ಫಿರೋಜನೂ ಬಂದ, ಹೆಲ್ಮೆಟ್ಟಿನೊಳಗೆ ಹಾಳೆಗಳನ್ನು ಸುರುಳಿ ಸುತ್ತಿಕೊಂಡು.

"ಅಕ್ಕಾ, ಕೊಲೆ ಮಾಡಿದವ ಬದಲಾಗ್ಯಾನ."

"ಮತ್ತ?"

"ಮೊದಲು ಆಕಿ ಮಾವ ಅಂತ ಇತ್ತಲ್ಲ. ನಮ್ಮ ಗ್ಯಾರೇಜಿನಾಗ ಓದಿ ಹೇಳಿದ್ರ ಎಲ್ಲಾರೂ ಮೊದಲನೇ ಚಾಪ್ಟರಿಗೇ ಹಿಡದುಬಿಟ್ರು. ಈಗ ಫೋಟೋಗ್ರಾಫರ್."

"ಫೋಟೋಗ್ರಾಫರ್ ಆರನೇ ಚಾಪ್ಟರಿನಾಗ ಸತ್ತಾನಲ್ಲೋ."

ಫಿರೋಜ್ ಕಿವಿಯ ಹಿಂದೆ ಕೆರೆದುಕೊಂಡ. "ಹೆಣ ಸಿಕ್ಕಿಲ್ಲಂತ ಮಾಡು. ನಿನ್ನ ಕೈಯಾಗ ಐತಿ ಅಕ್ಕಾ, ಎಬ್ಬಸು."

"ಪಾಪ, ಲಗ್ನಾ ಮಾಡಿಸಿಬಿಡೋ ಅವರಿಗೆ," ಎಂದಳು ಕೊಟ್ರಮ್ಮ ಸ್ಟೂಲಿನ ಮೇಲಿಂದ. "ಇನ್ನ ಎಷ್ಟು ಮಂದೀನ ಕೊಲ್ಲತಿ?"

"ಲಗ್ನ ಆದ್ರ ಕಥಿ ಎಲ್ಲಿಂದ ಬರ್ಬೇಕು ದೊಡ್ಡಮ್ಮ," ಎಂದು ಅವನು ನಕ್ಕ. ನಗುತ್ತಲೇ ಪ್ರಿಂಟರಿನ ಮೇಲಿದ್ದ ಹಾಳೆಗಳ ಕಟ್ಟನ್ನು ಎತ್ತಿಕೊಂಡ. ಮೇಷ್ಟ್ರ ಪುಸ್ತಕದ ಅಲ್ಲಿಯವರೆಗಿನ ಪ್ರೂಫು. ಸಂಗೀತಾ ಕೈ ತೊಳೆಯಲು ಹೊರಗೆ ಹೋಗಿದ್ದಳು. ಅವಳು ಒಳಗೆ ಬರುವಷ್ಟರಲ್ಲಿ ಅವನ ದನಿ ಕೇಳಿಸಿತು.

"ಅರೆ, ಅಕ್ಕಾ, ನಿನ್ನ ಹೆಸರು ಬಂದೈತಿ ಇಲ್ಲಿ. ಈ ಪುಸ್ತಕದ ಅಕ್ಷರ ಜೋಡಿಸಿದ್ದಾಳೆಂದು ನೆನೆದಾಗ ಹೃದಯ ತುಂಬಿ..." ಅವನ ಕಣ್ಣು ಮೇಲಿನ ಸಾಲಿಗೆ ಹೋಯಿತು. ಬಾಯಿ ನಿಂತಿತು.

"ಓದು," ಎಂದಳು ಕೊಟ್ರಮ್ಮ.

"ಏನಿಲ್ಲ ದೊಡ್ಡಮ್ಮ, ಹಿಂಗ ಸುಮ್ನ..."

"ಮ್ಯಾಲಿಂದ ಓದು."

ಫಿರೋಜ್ ಸಂಗೀತಾಳ ಕಡೆ ನೋಡಿದ. ಅವಳ ಕೈಯಿಂದ ನೀರು ಇಳಿಯುತ್ತಿತ್ತು. ಬೇರೆ ದಾರಿ ಇಲ್ಲದೆ ಅವನು ಓದಿದ. ಪ್ರೂಫು ಓದುವ ಹುಡುಗನ ಹಾಗೆ, ಏರಿಳಿತವಿಲ್ಲದೆ, ಬೇಗ ಬೇಗ.

"ಏಕಾಂತದಲ್ಲಿ ಅಂದ್ರ?" ಎಂದು ಕೊಟ್ರಮ್ಮ ನಡುವೆ ಕೇಳಿದಳು.

"ಯಾರೂ ಇಲ್ಲದ ಹೊತ್ತಿನಾಗ, ದೊಡ್ಡಮ್ಮ."

"ಹೂಂ."

ಓದಿ ಮುಗಿಸಿ ಹಾಳೆಗಳನ್ನು ಇದ್ದಲ್ಲೇ ಇಟ್ಟು, ನಾಳೆ ಬರುತ್ತೇನೆಂದು ಹೇಳಿ, ಅವನು ಹೊರಟುಹೋದ.

ಮಿರ್ಚಿ ಅಂಗಡಿಯ ಬಾಣಲೆಗೆ ಹಿಟ್ಟು ಬಿದ್ದ ಸದ್ದು ಕೇಳುತ್ತಿತ್ತು. ಸಂಗೀತಾ ತಾಯಿಯ ಎದುರು ಕುರ್ಚಿ ತಿರುಗಿಸಿಕೊಂಡು ಕುಳಿತಳು.

"ನಾ ನಿನ್ನೆ ಹೋಗಿ ಕೇಳಿದ್ನವ್ವ, ತಗೀರಿ ಅಂತ. ಅವರು ಒಪ್ಪವಲ್ರು."

"ನೀ ಯಾಕ ಕೇಳಾಕ ಹೋಗಿದ್ದಿ?"

"ಮತ್ತೇನು, ಕಳ್ಳಿ ಅಂತ ಅಚ್ಚಾಗ್ಲೇನು?"

"ಬ್ಯಾಳಿ ತಗೊಂಡಿದ್ದು ಖರೇ," ಎಂದಳು ಕೊಟ್ರಮ್ಮ. ಬಸ್ಸು ಹೋಯಿತು ಎಂದು ಹೇಳುವ ದನಿ ಅದು. "ಒಂದ್ಸಲ ಅಲ್ಲ, ವಾರಕ್ಕೊಮ್ಮೆ ತರ್ತಿದ್ದೆ. ನಿಮ್ಮಪ್ಪ ಹಾಸಿಗಿ ಹಿಡದಿದ್ದ. ನಿನಗ ಏಳು ವರ್ಷ, ನಿನ್ನ ತಮ್ಮಗ ನಾಲ್ಕು. ಬ್ಯಾಳಿ ತಿಂದು ಬೆಳದೀರಿ ನೀವು."

ಸಂಗೀತಾ ಒದ್ದೆ ಕೈಯನ್ನು ಒರೆಸಿಕೊಂಡಳು.

"ಯಾರೂ ಇಲ್ಲದಾಗ ಅಂತ ಬರದಾರಲ್ಲ, ಅದು ಅಲ್ಲ. ಆ ಸಂಜೀನ, ಊಟದ ಹೊತ್ತು. ತೊಂಬತ್ತು ಹುಡುಗರು ತಾಟು ಮುಂದಿಟಗೊಂಡು ಕುಂತಿದ್ವು. ನಡುವ ನಿಂದರಿಸಿ, ಉಡಿ ಬಿಚ್ಚು ಅಂದ್ರು. ಬಿಚ್ಚಿದೆ. ಬ್ಯಾಳಿ ನೆಲಕ್ಕ ಬಿತ್ತು. ನಾನ ಕುಂತು ಬಳದು ತುಂಬಿದೆ. ಆಮ್ಯಾಲ ಒಂದು ತಿಂಗಳು, ದಿನಾ ಮನಿಗೆ ಬರೂವಾಗ ಬಾಗಲದಾಗ ನಿಂತು ಉಡಿ ಝಾಡಿಸಿ ತೋರಿಸಿ ಬರಬೇಕು. ಹುಡುಗರು ಸಾಲಾಗಿ ನಿಂತು ನೋಡ್ತಿದ್ವು. ಕೆಲವು ನಗ್ತಿದ್ವು, ಕೆಲವು ಪಾಪ ಆ ಕಡೆ ಮಾರಿ ಮಾಡ್ತಿದ್ವು. ಕಾಲಿಗೆ ನಾ ಬಿದ್ದಿಲ್ಲ. ಬಿದ್ದಿದ್ರ ಬಿಡ್ತಿದ್ರೇನೋ."

ಮದುವೆ ಮನೆಗಳಲ್ಲಿ, ತವರಿನಲ್ಲಿ, ಪಂಚಮಿಯಲ್ಲಿ, ಮುತ್ತೈದೆಯರ ಸೆರಗಿನೊಳಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುವಾಗ ಅವ್ವ ಒಬ್ಬಳೇ ಸೆರಗು ಒಡ್ಡುತ್ತಿರಲಿಲ್ಲ. ಅಪ್ಪ ಬದುಕಿದ್ದಷ್ಟು ವರ್ಷವೂ ಹಾಗೇ. ಒಂದು ಕೈಚೀಲ ಮುಂದೆ ಹಿಡಿದು, "ಇದರಾಗ ಹಾಕ್ರಿ," ಎನ್ನುತ್ತಿದ್ದಳು. ಹೆಂಗಸರು ಗೊಣಗುತ್ತಿದ್ದರು. ಸಂಗೀತಾಳಿಗೂ ಅದು ಅವ್ವನ ಬಿಗುಮಾನ ಎನ್ನಿಸಿ ಎಷ್ಟೋ ಸಲ ಸಿಟ್ಟು ಬಂದಿತ್ತು. ತನ್ನ ಮದುವೆಯಲ್ಲಿ ಅದರ ಸಲುವಾಗಿ ಮಾತಿಗೆ ಮಾತೂ ಆಗಿತ್ತು.

"ಇನ್ನೊಮ್ಮೆ ಹೋಗಿ ಹೇಳ್ತೀನಿ," ಎಂದಳು. "ತಗೀಲೇಬೇಕು ಅಂತ."

"ತಗಿಸೂದು ಬ್ಯಾಡ. ಬರಿಯೂದಾದ್ರ ಪೂರ್ತಿ ಬರೀಲಿ. ನಾ ಬ್ಯಾಳಿ ತಂದಿದ್ದೂ ಇರ್ಲಿ, ಅವರು ಉಡಿ ಝಾಡಿಸಿದ್ದೂ ಇರ್ಲಿ."

"ಅವರು ಬರಿಯಂಗಿಲ್ಲವ್ವ."

"ಟೈಪ್ ಮಾಡಾಕಿ ನೀನ ಅಲ್ಲೇನು?"

"ಪುಸ್ತಕ ಅವರದು."

ಕೊಟ್ರಮ್ಮ ಡಬ್ಬಿಯ ಮುಚ್ಚಳ ಒತ್ತಿ ಚೀಲಕ್ಕೆ ಹಾಕಿದಳು. ಎದ್ದು ನಿಂತು ಮೊಣಕಾಲು ಹಿಡಿತ ಬಿಡುವವರೆಗೂ ಮೇಜಿಗೆ ಕೈಯಾನಿಸಿದಳು. "ಹಂಗಾರ ನಾ ಹೇಳಿದ್ದು ನಿನ್ನ ಕಂಪ್ಯೂಟರಿನಾಗ ಒಂದ್ ಕಡಿ ಹಾಕಿ ಇಡು," ಎಂದಳು. "ಎಲ್ಲ್ಯಾರ ಒಂದ್ ಕಡಿ ಇರ್ಲಿ."

ಅವಳು ಹೋದ ಮೇಲೆ ಸಂಗೀತಾ ಫಿರೋಜನ ಫೋಟೋಗ್ರಾಫರನನ್ನು ಬದುಕಿಸಿದಳು. ಸೋಮಶೇಖರ್ ಅವರ ಎರಡು ಕುದುರೆಗಳನ್ನು ಕಡಿಮೆ ಮಾಡಿದಳು. ಓಬಣ್ಣನವರು ಒಬ್ಬ ಮಾಜಿ ಮಂತ್ರಿಗೆ ಬೈದ ಬೈಗುಳವನ್ನು 'ದೂರದೃಷ್ಟಿ ಇಲ್ಲದವರು' ಎಂದು ಮಾಡಿದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಮಾಡಿದ್ದನ್ನು ಯಾರೂ ಇದುವರೆಗೆ ಕಂಡುಹಿಡಿದಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳ ಕೈಯಿಂದ ಹೋದ ಪ್ರತಿ ಪುಸ್ತಕದಲ್ಲೂ ಅವಳ ನಾಲ್ಕು ಸಾಲು ಇದ್ದವು. ಬರೆದವರು ತಮ್ಮವೇ ಎಂದುಕೊಂಡಿದ್ದರು. ಹಾಗೆ ನೋಡಿದರೆ ಎಂಬತ್ತೇಳನೆಯ ಪುಟದಲ್ಲಿ ಇನ್ನೂ ನಾಲ್ಕು ಸೇರಿಸುವುದು ಕಷ್ಟವಿರಲಿಲ್ಲ. ಮೇಷ್ಟ್ರ ಕಣ್ಣು ತಪ್ಪಿದರೂ ತಪ್ಪಬಹುದಿತ್ತು.

ಅವಳು ಟೈಪ್ ಮಾಡಿದಳು. ಅವ್ವ ಹೇಳಿದ್ದನ್ನು ಮೇಷ್ಟ್ರ ಮಾತಿನ ಧಾಟಿಗೆ ತಂದಳು. ಅದು ಅವಳಿಗೆ ರೂಢಿಯಾಗಿತ್ತು. 'ಏಕಾಂತದಲ್ಲಿ' ಹೋಯಿತು, 'ಕ್ಷಮಿಸಿದೆ' ಹೋಯಿತು. ಪ್ರಿಂಟು ತೆಗೆದು ನೋಡಿದಳು. ಆಮೇಲೆ ಆ ಸಾಲುಗಳ ಕೆಳಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು, ಕಟ್ಟಿನ ನಡುವೆ ಅದರ ಜಾಗದಲ್ಲಿ ಇಟ್ಟಳು. ಕಣ್ಣು ತಪ್ಪಿ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಗುರುವಾರ ಸಂಜೆ ಐದರೊಳಗೆ ಫೈಲು ದಾವಣಗೆರೆಯ ಪ್ರೆಸ್ಸಿಗೆ ಮುಟ್ಟಿದರೆ ಶನಿವಾರ ಪುಸ್ತಕ, ಭಾನುವಾರ ವೇದಿಕೆ. ಮೇಷ್ಟ್ರು ಕೊನೆಯ ಪ್ರೂಫು ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಇಸ್ತ್ರಿ ಮಾಡಿದ ಪಂಚೆ, ಜೇಬಿನಲ್ಲಿ ಕೆಂಪು ಪೆನ್ನು. ಸ್ಟೂಲಿನ ಮೇಲೆ ಕುಳಿತು, ಮೊಣಕಾಲಿನ ಮೇಲೆ ಕಟ್ಟು ಇಟ್ಟುಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿದರು. ತಿದ್ದಿದ ಪುಟಕ್ಕೂ, ತಿದ್ದದ ಪುಟಕ್ಕೂ ಕೆಳಗೆ ಸಣ್ಣದಾಗಿ 'ಮ' ಎಂದು ಹಾಕುತ್ತಿದ್ದರು. ಅಲ್ಲಲ್ಲಿ ಒತ್ತು ತಪ್ಪಿದ್ದನ್ನು ತೋರಿಸಿದರು. ಒಂದು ಕಡೆ ತಮ್ಮದೇ ಮಾತಿಗೆ ತಾವೇ ನಕ್ಕರು. ಸಂಗೀತಾ ಬೆನ್ನು ಮಾಡಿ ಓಬಣ್ಣನವರ ಕೆಮ್ಮನ್ನು ಕೇಳುತ್ತಾ ಟೈಪ್ ಮಾಡುತ್ತಿದ್ದಳು. ಹಾಳೆ ತಿರುಗುವ ಸದ್ದು ಯಾವಾಗ ನಿಂತಿತು ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ತಿಳಿಯಿತು.

"ಇದು ನಾ ಬರದಿದ್ದಲ್ಲ," ಎಂದರು ಮೇಷ್ಟ್ರು.

"ಅಲ್ರಿ. ಅವ್ವ ಹೇಳಿದ್ದು."

ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

"ಆ ಸಂಜೆಯೇ ಊಟದ ಹೊತ್ತಿನಲ್ಲಿ, ತೊಂಬತ್ತು ಹುಡುಗರ ಎದುರು ಆಕೆಯ ಉಡಿ ಬಿಚ್ಚಿಸಿದೆ. ಬಿದ್ದ ಬೇಳೆಯನ್ನು ಆಕೆಯೇ ಬಳಿದು ತುಂಬಿದಳು. ಆಮೇಲೆ ಒಂದು ತಿಂಗಳು, ಮನೆಗೆ ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಉಡಿ ಝಾಡಿಸಿ ತೋರಿಸಿ ಹೋಗಬೇಕಾಗಿತ್ತು. ಆಕೆ ಕಾಲಿಗೆ ಬೀಳಲಿಲ್ಲ."

"ಈ ಪುಟ ತಗದುಬಿಡು," ಎಂದರು.

"ಸೋಮವಾರ ನಾನ ಕೇಳಿದ್ನಲ್ರಿ."

"ಈಗ ನಾನ ಹೇಳ್ತೀನಲ್ಲ. ನಿನಗೂ ಬ್ಯಾಡ, ನನಗೂ ಬ್ಯಾಡ. ಪೂರ್ತಿ ತಗಿ."

"ಅವ್ವಗ ಬೇಕಂತ್ರಿ."

"ನನ್ನ ಪುಸ್ತಕದಾಗ ನಿಮ್ಮವ್ವ ಹೇಳಿದ್ದು ಹಾಕಾಕ ಬರ್ತೈತೇನು? ಏನಂತ ತಿಳಕೊಂಡಿ?" ಅವರ ದನಿ ಏರಿತು. ಮಿರ್ಚಿ ಅಂಗಡಿಯವನು ಒಮ್ಮೆ ಇಣುಕಿ ನೋಡಿ ಹಿಂದೆ ಸರಿದ. "ಹೊಸಪೇಟಿಗೆ ಹೋಗಿ ಮಾಡಿಸ್ತೀನಿ. ನೀ ಒಬ್ಬಾಕಿ ಏನು ಟೈಪ್ ಮಾಡಾಕಿ?"

"ಮಾಡಸ್ರಿ ಸಾರ್. ಫೈಲ್ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ. ನೀವು ಬರದಂಗ ಇರೂದೂ ಅದರಾಗ ಐತಿ." ಸಂಗೀತಾಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಇಷ್ಟು ಸಣ್ಣ ದನಿಯಲ್ಲಿ ಹೇಳಲು ಆಗುತ್ತಿರಲಿಲ್ಲ. "ನನ್ನ ಕೈಲಿಂದ ಮಾತ್ರ ಅದನ್ನ ಕಳಸಾಕ ಆಗಂಗಿಲ್ರಿ. ತಗದು ಕಳಸಾಕೂ ಆಗಂಗಿಲ್ಲ."

ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. ಹನ್ನೆರಡು ದಾಟಿತ್ತು. ಬಸ್ಸು ಹಿಡಿದು ಹೊಸಪೇಟೆ ಮುಟ್ಟಿ, ಗುರುತಿಲ್ಲದವನ ಅಂಗಡಿಯಲ್ಲಿ ಕುಳಿತು, ಅವನು ಅದನ್ನು ಬಿಚ್ಚಿ ಸರಿ ಮಾಡುವಷ್ಟರಲ್ಲಿ ಐದಾಗಿರುತ್ತದೆ. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಎದ್ದು ಹೋಗುತ್ತಾರೆಂದು ಅವಳು ಕಾದಳು. ಅವರು ಏಳಲಿಲ್ಲ. ಕಟ್ಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತೇ ಇದ್ದರು. ಕರೆಂಟು ಹೋಯಿತು, ಯುಪಿಎಸ್ ಬಡಿದುಕೊಳ್ಳತೊಡಗಿತು, ಮತ್ತೆ ಬಂತು.

"ತಿಂಗಳಲ್ಲ," ಎಂದರು.

"ಏನ್ರಿ?"

"ಒಂದು ತಿಂಗಳು ಅಂತ ಹಾಕೀಯಲ್ಲ. ಹದಿನೈದ ದಿನ. ಆಮ್ಯಾಲ ದಸರಾ ಸೂಟಿ ಬಂತು."

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿದ ಹಾಗಾಯಿತು. ಬಾಯಿ ಸ್ವಲ್ಪ ತೆರೆದೇ ಇತ್ತು. ಸಂಗೀತಾ ಅವರ ಕಡೆ ನೋಡದೆ ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ತೆಗೆದಳು.

"ಹೊಸದಾಗಿ ವಾರ್ಡನ್ ಆಗಿದ್ದೆ," ಎಂದರು ಮೇಷ್ಟ್ರು. "ಸಾರು ನೀರಾಗೈತಿ ಅಂತ ಹುಡುಗರು ದೂರು ಬರದಿದ್ರು. ಮ್ಯಾಲಿನವರು ಬಂದು ಹೋಗಿದ್ರು. ಹೆಂಗ ಮಾಡಬೇಕಿತ್ತು ನಾನು?"

ಅದು ಅವಳನ್ನು ಕೇಳಿದ ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ಸಾರು ನೀರಾಗಿದ್ದುದೂ ನಿಜವೇ ಇರಬೇಕು.

"ಕಾಲಿಗೆ ಬಿದ್ದಿಲ್ಲಂತೇನು ಆಕಿ?"

"ಇಲ್ಲಂತ್ರಿ."

"ಬಿದ್ದಂಗ ನೆನಪು ನನಗ," ಎಂದರು. ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ. "ಬರಿಯೂವಾಗ ಹಂಗ ಕಣ್ಮುಂದ ಬಂತು ನೋಡು. ಅತ್ತಿದ್ದು ಸುದ್ದಾ."

ಕೆಂಪು ಪೆನ್ನಿನ ಮುಚ್ಚಳ ತೆಗೆದರು. 'ಒಂದು ತಿಂಗಳು' ಎಂಬುದನ್ನು ಒಂದೇ ಗೆರೆಯಿಂದ ಹೊಡೆದು, ಮೇಲೆ ಮಣಿಯಂಥ ಅಕ್ಷರದಲ್ಲಿ 'ಹದಿನೈದು ದಿನ' ಎಂದು ಬರೆದರು. ಅವಳ ಹೆಸರಿದ್ದ, ಹಾಗೇ ಉಳಿದಿದ್ದ ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.

"ನಿನ್ನ ಹೆಸರು ಇರ್ಲೋ, ಬ್ಯಾಡೋ?"

"ಇರ್ಲಿರಿ."

'ಹೃದಯ ತುಂಬಿ ಬರುತ್ತದೆ' ಎಂಬುದನ್ನು ಅವರು ಹೊಡೆದುಹಾಕಿದರು. 'ಎಂದು ನೆನೆದಾಗ' ಎನ್ನುವುದೂ ಹೋಯಿತು, 'ಜೋಡಿಸಿದ್ದಾಳೆ' ಎಂಬಲ್ಲಿ ವಾಕ್ಯ ನಿಂತಿತು. ಪುಟದ ಕೆಳಗೆ ಎಂದಿನಂತೆ ಸಣ್ಣದಾಗಿ 'ಮ' ಹಾಕಿದರು. ಉಳಿದ ಪುಟಗಳನ್ನು ಅವರು ಓದಲಿಲ್ಲ. ಬರೀ ತಿರುವಿ, ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗಿ, ಕಟ್ಟನ್ನು ಮೇಜಿನ ಮೇಲಿಟ್ಟು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದುಕೊಂಡರು. ಭಾನುವಾರ ಹಡಗಲಿಗೆ ಬಾ ಎಂದು ಪ್ರತಿ ಸಲ ಹೇಳುವವರು ಅವತ್ತು ಹೇಳಲಿಲ್ಲ.

ನಾಲ್ಕೂವರೆಗೆ ಫೈಲು ಹೋಯಿತು. ಮುಟ್ಟಿತು ಎಂದು ಪ್ರೆಸ್ಸಿನಿಂದ ಮರು ಸಂದೇಶ ಬಂತು. ಸಂಗೀತಾ ಆ ಪುಟವನ್ನೂ ಅದರ ಮುಂದಿನ ನಾಲ್ಕಾರು ಪುಟಗಳನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡು, ಬಿಸಿಲು ಇನ್ನೂ ಇರುವಾಗಲೇ ಮನೆಗೆ ಹೋದಳು.

ಕೊಟ್ರಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳು ಬೆಳಕಿಗೆ ಹಾಳೆ ಹಿಡಿದು ಓದಿದಾಗ ಅವಳ ಕೈ ನಿಲ್ಲಲಿಲ್ಲ. ಕಲ್ಲು ಸಿಕ್ಕರೆ ಪಕ್ಕಕ್ಕೆ ಎಸೆಯುತ್ತಿದ್ದಳು. ಒಂದು ಕಡೆ ಮಾತ್ರ ತಲೆ ಎತ್ತಿದಳು.

"ಹದಿನೈದಂತೇನು?"

"ಆಮ್ಯಾಲ ದಸರಾ ಸೂಟಿ ಬಂತಂತ."

"ಸೂಟಿ ಬಂತು, ಖರೇ." ಕೊಟ್ರಮ್ಮ ಲೆಕ್ಕ ಹಾಕುವವಳಂತೆ ಓಣಿಯ ಕಡೆ ನೋಡಿದಳು. "ಸೂಟಿ ಮುಗದ ಮ್ಯಾಲೂ ಝಾಡಿಸೀನಿ. ದೀಪಾವಳಿ ತನಕ."

"ಪ್ರೆಸ್ಸಿಗೆ ಫೋನ್ ಮಾಡ್ಲೇನು? ಇನ್ನೂ ಅಚ್ಚಿಗೆ ಹೋಗಿರಂಗಿಲ್ಲ."

ಕೊಟ್ರಮ್ಮ ಮೊರವನ್ನು ಎರಡು ಸಲ ಕೇರಿದಳು. ಹೊಟ್ಟು ಕಟ್ಟೆಯಿಂದಾಚೆ ಹಾರಿಹೋಯಿತು.

"ಬ್ಯಾಡ ಬಿಡು. ಅವರಿಗೆ ಹದಿನೈದ ನೆನಪದಾವು," ಎಂದಳು. ಮತ್ತೊಂದು ಕಲ್ಲು ಎತ್ತಿ ಎಸೆದು, "ಮುಂದೇನು ಬರದಾರ?"

"ಮುಂದ ಅವರಿಗೆ ಹರಪನಹಳ್ಳಿಗೆ ವರ್ಗ ಆಗೈತಿ."

"ಹೂಂ, ಆಗಿತ್ತು. ಓದು."

ಸಂಗೀತಾಳ ಕಣ್ಣುಗಳು ಉರಿಯುತ್ತಿದ್ದವು. ಬೆಳಿಗ್ಗೆಯಿಂದ ಅವಳು ನೋಡಿದ್ದು ಅಕ್ಷರಗಳನ್ನೇ. ಆದರೂ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು, ಎಂಬತ್ತೆಂಟನೆಯ ಪುಟ ತೆಗೆದು, ಮೊದಲ ಸಾಲಿನಿಂದ ಓದತೊಡಗಿದಳು.